ಹುಳು ಜ್ವರಕ್ಕೆ ಕೂತ ಭಾನುವಾರ

ಅಡುಗೆಮನೆಯ ಶೆಲ್ಫಿಗೆ ಕಾಗದ ಬದಲಾಯಿಸುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ನಿವೃತ್ತಿಯಾದ ಮೇಲೆ ಸಿಕ್ಕ ಬಡ್ತಿ ಎಂದುಕೊಳ್ಳಿ. ಮೊನ್ನೆ ಸ್ಟೂಲು ಹತ್ತಿ ನಿಂತಾಗ ನೋಡುತ್ತೇನೆ, ಹಳೇ ಪೇಪರು ಒಂದೂ ಇಲ್ಲ. ಟೀವಿಯ ಪಕ್ಕದಲ್ಲಿ ಒಂದು ಕಟ್ಟು ಕಣ್ಣಿಗೆ ಬಿತ್ತು. ಒಳ್ಳೆ ದಪ್ಪ ಹಾಳೆ, ಒಂದು ಬದಿಗೆ ಬರಹ, ಇನ್ನೊಂದು ಬದಿ ಅಚ್ಚುಕಟ್ಟಾಗಿ ಖಾಲಿ. ಖಾಲಿ ಬದಿಯನ್ನು ಮೇಲೆ ಮಾಡಿ ನಾಲ್ಕು ಹಾಳೆ ಹಾಸಿ, ಉಪ್ಪಿನಕಾಯಿ ಭರಣಿ ಎತ್ತಿಡಬೇಕು ಎನ್ನುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅದು ಕೆಳಗಡೆ ಮನೆ ಸರೋಜಮ್ಮೋರು ಓದೋಕೆ ಕೊಟ್ಟಿದ್ದ ಕಥೆ ಅಲ್ವೇನ್ರೀ?" ಎಂದಳು.

ಸರೋಜಮ್ಮ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಆ ಕಟ್ಟು ಕೊಟ್ಟು ಎರಡು ತಿಂಗಳಾಗಿತ್ತು. "ಚೆನ್ನಾಗಿದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ ಸಾರ್, ಸಾಕು" ಎಂದಿದ್ದರು. ಎಂದೋ ನಾಲ್ಕು ಕಥೆ ಅಚ್ಚಾದ ತಪ್ಪಿಗೆ ನಮ್ಮ ಬೀದಿಯಲ್ಲಿ ನಾನೊಬ್ಬ ಸಾಹಿತಿ. ಅಷ್ಟನ್ನು ಹೇಳುವ ಕಷ್ಟಕ್ಕೆ ಹೆದರಿ, ಮೆಟ್ಟಿಲಲ್ಲಿ ಅವರ ದನಿ ಕೇಳಿದರೆ ಏನೋ ಮರೆತವನಂತೆ ಮತ್ತೆ ಮೇಲೆ ಹತ್ತುತ್ತಿದ್ದೆ. ಹಾಸಿದ ಹಾಳೆಗಳನ್ನು ತೆಗೆದೆ. ತೆಗೆಯುವಾಗ ನಗು ಬಂತು. ಇಂಥದೇ ಹಾಳೆಗಳನ್ನು ಒಬ್ಬರು ಹಿಂದೊಮ್ಮೆ ಹೀಗೆಯೇ ತಿರುವಿ ಹಾಸಿದ್ದರು. ಅವು ನನ್ನವು. ಮೇಲೆ ಇಟ್ಟದ್ದು ಮಾತ್ರ ಭರಣಿಯಲ್ಲ. ಹೇಳುತ್ತೇನೆ, ಕೂತುಕೊಳ್ಳಿ.

ಎಪ್ಪತ್ತರ ದಶಕದ ಕೊನೆ. ನಾನು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಹಗಲು ಹೆಂಚಿನ ಲಾರಿಗಳನ್ನು ಕಳಿಸುವುದು, ಸಂಜೆ ಕಥೆ ಓದುವುದು. ಓದುವುದೆಂದರೆ ಒಬ್ಬರನ್ನೇ. ಅವರ ಹೆಸರು ಇಲ್ಲಿ ಬೇಡ. ಊರವರು ಕರೆಯುತ್ತಿದ್ದಂತೆ ಮೇಷ್ಟ್ರು ಎಂದೇ ಕರೆಯೋಣ. ಶ್ರೀನಿವಾಸಪುರದಿಂದಾಚೆಯ ಒಂದು ಹಳ್ಳಿಯಲ್ಲಿ ಶಾಲಾ ಮೇಷ್ಟ್ರಾಗಿದ್ದುಕೊಂಡು ಅವರು ಬರೆದ ಕಥೆಗಳು ನನಗೆ ಬಾಯಿಪಾಠವಾಗಿದ್ದವು. ಆ ಕಥೆಗಳಲ್ಲಿ ಒಂದು ಮಹಡಿಮನೆ ಇತ್ತು, ಹಿತ್ತಲಲ್ಲಿ ಹುಣಸೆಮರ, ಮರದಾಚೆ ತುಂಬಿ ಹರಿಯುವ ಹೊಳೆ. ನನ್ನ ಬಾಡಿಗೆ ಕೋಣೆಗಿಂತ ಆ ಮನೆಯೇ ನನಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷದಿಂದ ಮೇಷ್ಟ್ರು ಏನೂ ಬರೆದಿರಲಿಲ್ಲ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ನಾನೂ ಒಂದು ಕಥೆ ಬರೆದಿದ್ದೆ. ಎರಡು ವರ್ಷ ತಿದ್ದಿದ ನಲವತ್ತು ಹಾಳೆಯ ಕಥೆ. ಮಂದಾಕಿನಿ ಎಂಬ ಹುಡುಗಿ, ಗೊತ್ತಾಗಿದ್ದ ಮದುವೆ ಮುರಿದುಬಿದ್ದಾಗ ಹನ್ನೊಂದು ದಿನ ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೂತುಬಿಡುತ್ತಾಳೆ. ಆ ಹನ್ನೊಂದು ದಿನವೂ ಕಿಟಕಿಯಲ್ಲಿ ಚಂದ್ರ ಬರುತ್ತಾನೆ. ಪಂಚಾಂಗಕ್ಕೆ ಒಪ್ಪುವಂಥದಲ್ಲ, ಆದರೆ ನಾನು ಆಗ ಪಂಚಾಂಗಕ್ಕೆಲ್ಲ ಸೊಪ್ಪು ಹಾಕುವವನಲ್ಲ. ಇದನ್ನು ಮೇಷ್ಟ್ರಿಗೆ ತೋರಿಸುವುದು, ಅವರು ಚೆನ್ನಾಗಿದೆ ಎಂದರೆ ಬರೆಯುತ್ತಾ ಹೋಗುವುದು, ಇಲ್ಲವೆಂದರೆ ಪೆನ್ನಿನ ಮುಚ್ಚಳ ಹಾಕಿ ಬರವಣಿಗೆಯನ್ನು ಬಿಟ್ಟೇಬಿಡುವುದು ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಮೂರು ಕಾಗದಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ ಒಂದು ಕಾರ್ಡು ಬಂತು: "ಭಾನುವಾರ ಮನೆಯಲ್ಲಿರುತ್ತೇನೆ, ಬನ್ನಿ."

ನನಗೆ ಭಾನುವಾರದ ತನಕ ತಡೆಯಲಾಗಲಿಲ್ಲ. ಶನಿವಾರ ಮಧ್ಯಾಹ್ನವೇ ಘಮಘಮಿಸುವ ತಲೆಗೆಣ್ಣೆ ಹಚ್ಚಿ, ಕತ್ತಿಗೆಲ್ಲ ಪೌಡರು ಬಳಿದು ಕೋಲಾರದ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗಬಾರದೆಂದು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಆರು ಮಾವಿನಹಣ್ಣು ಕೊಂಡೆ. ಅಲ್ಲಿಂದ ಶ್ರೀನಿವಾಸಪುರ ತಲುಪಿದಾಗ ದಾರಿಯ ಎರಡೂ ಕಡೆ ಮಾವು, ಬಸ್ಸಿನ ಮೇಲೆ ಮಾವು, ಕಾಲಿಟ್ಟಲ್ಲೆಲ್ಲ ಮಾವಿನ ಬುಟ್ಟಿ. ನನ್ನ ಚೀಲವನ್ನು ನೋಡಿದ ಕಂಡಕ್ಟರು, "ಈ ಕಡೆಗೆ ಹಣ್ಣು ತಗೊಂಡ್ ಬರ್ತಿರೋರು ನೀವೊಬ್ರೇ ಸ್ವಾಮಿ" ಎಂದ.

ಅಲ್ಲಿ ಮುಳಬಾಗಿಲು ಕಡೆಯ ಬಸ್ಸು ಹಿಡಿದು, ಇಳಿದು, ಎರಡು ಮೈಲಿ ನಡೆದರೆ ಊರು. ಮಹಡಿಮನೆ ಎಲ್ಲೂ ಕಾಣಲಿಲ್ಲ. ಮೇಷ್ಟ್ರ ಮನೆ ಎಂದು ತೋರಿಸಿದ್ದು ತಗ್ಗಾದ ಒಂದು ಹೆಂಚಿನ ಮನೆ. ಹೆಂಚು ನಮ್ಮ ಕಾರ್ಖಾನೆಯದೇ. ಸದ್ಯ ಅಷ್ಟಾದರೂ ಗುರುತು ಸಿಕ್ಕಿತು. ಕೂಗಿದರೆ ಯಾರೂ ಇಲ್ಲ. ಜಗಲಿಯ ಗೋಡೆಯಲ್ಲಿ ಒಂದು ಗೂಡಿತ್ತು, ಅದರಲ್ಲಿ ಇಂಥದೇ ಹಾಳೆಯ ಕಟ್ಟುಗಳು ಎರಡಿದ್ದವು. ಓಹೋ, ಬಂದವರು ತಮ್ಮ ಬರಹವನ್ನು ಇಲ್ಲಿಡುವುದು ಪದ್ಧತಿ ಎಂದುಕೊಂಡು ಭಕ್ತಿಯಿಂದ ನನ್ನ ಮಂದಾಕಿನಿಯನ್ನೂ ಅಲ್ಲಿಟ್ಟೆ. ನಕಲು ಇರಲಿಲ್ಲ. ಹೊಳೆಯನ್ನಾದರೂ ನೋಡಿ ಬರೋಣ ಎಂದು ಹಿತ್ತಲ ಕಡೆ ಹೋದೆ.

ಹುಣಸೆಮರ ಇತ್ತು. ಅದರಾಚೆ ಹಿಪ್ಪುನೇರಳೆ ತೋಟ, ತೋಟದಾಚೆ ಒಣಗಿದ ಕೆರೆ, ಕೆರೆಯಲ್ಲಿ ನಾಲ್ಕು ಎಮ್ಮೆ. ಸೊಪ್ಪಿನ ಹೊರೆ ಹೊತ್ತು ಎದುರಿಗೆ ಬಂದ ಮುದುಕರನ್ನು, "ಇಲ್ಲಿ ಹೊಳೆ ಎಲ್ಲಿದೆ?" ಎಂದು ಕೇಳಿದೆ. ಅವರು ಹೊರೆಯನ್ನು ಇಳಿಸಿ ನನ್ನನ್ನು ಚೆನ್ನಾಗಿ ನೋಡಿದರು.

"ಕಥೆಗೆ ಬೇಕಾಗಿತ್ತು, ತಂದ್ಕೊಂಡಿದ್ದೆ. ಕೆಲಸ ಮುಗೀತು, ವಾಪಸ್ ಕಳಿಸ್ದೆ" ಎಂದರು.

ಅವರೇ ಮೇಷ್ಟ್ರು ಎಂದು ತಿಳಿಯಲು ನನಗೆ ಅರ್ಧ ನಿಮಿಷ ಬೇಕಾಯಿತು. ಕಾಲಿಗೆ ಬೀಳಲು ಹೋದರೆ, "ಮೊದಲು ಈ ಸೊಪ್ಪು ಹಿಡ್ಕೊಳ್ಳಿ" ಎಂದರು. ಹಿಡಿದುಕೊಂಡು ಮನೆಗೆ ಬಂದರೆ ಗೂಡು ಖಾಲಿ.

ಒಳಗಿನಿಂದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಮೇಷ್ಟ್ರ ಸತ್ತುಹೋದ ಅಣ್ಣನ ಹೆಂಡತಿ. ಮನೆಮಾತು ತೆಲುಗಾದ್ದರಿಂದ ಮೇಷ್ಟ್ರು ಆಕೆಯನ್ನು ವದಿನ ಎನ್ನುತ್ತಿದ್ದರು, ಅಂದರೆ ಅತ್ತಿಗೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕೋ ನಾಯ್ನಾ. ಏನದು ಎಣ್ಣೆ, ಊರೆಲ್ಲಾ ವಾಸ್ನೆ. ಹುಳಕ್ಕಾಗಲ್ಲ. ಹೋಗಿ ಬಾವಿ ಹತ್ರ ತಲೆ ತೊಳ್ಕೊಂಡ್ ಬಾ."

ನಾಯ್ನಾ ಎಂದರೆ ಅವರ ತೆಲುಗಿನಲ್ಲಿ ಅಪ್ಪಾ, ಮಗನೇ ಎಂದಂತೆ. ಅವರದು ರೇಷ್ಮೆಹುಳು ಸಾಕುವ ಮನೆ. ನಾನು ತಲೆ ತೊಳೆದು, ಮೇಷ್ಟ್ರ ಪಂಚೆ ಉಟ್ಟು, ಹಣ್ಣಿನ ಚೀಲವನ್ನು ಒಪ್ಪಿಸಿದೆ. ಆಕೆ ಮೂಲೆಯ ಹುಲ್ಲಿನ ರಾಶಿಯನ್ನು ಸರಿಸಿ, ಅಲ್ಲಿ ಹಣ್ಣಾಗಲು ಇಟ್ಟಿದ್ದ ಇನ್ನೂರು ಮುನ್ನೂರು ಮಾವಿನಕಾಯಿಯ ಪಕ್ಕ ನನ್ನ ಆರನ್ನು ಇಟ್ಟರು. ಆಮೇಲೆ ನಾನು ಗೂಡಿನ ಕಟ್ಟಿನ ವಿಷಯ ಎತ್ತಿದೆ.

"ಅದಾ? ಹುಳದ ತಟ್ಟೇಗ್ ಹಾಸ್ದೆ" ಎಂದರು ವದಿನ.

ತಪ್ಪು ಆಕೆಯದಲ್ಲ. ಮೇಷ್ಟ್ರಿಗೆ ಅಂಚೆಯಲ್ಲಿ ಕಥೆಗಳು ಬರುತ್ತಿದ್ದವು. ಓದಿ, ಉತ್ತರ ಬರೆದು, ಬರೆದವರು ವಾಪಸು ಕೇಳದಿದ್ದುದನ್ನು ಅವರು ಆ ಗೂಡಿನಲ್ಲಿಡುತ್ತಿದ್ದರು. ಗೂಡಿನಲ್ಲಿದ್ದದ್ದೆಲ್ಲ ವದಿನಳದು. ವಾರಪತ್ರಿಕೆಯವರು ಹಾಳೆಯ ಒಂದೇ ಬದಿಗೆ ಬರೆಯಿರಿ ಎಂದು ಹೇಳುವುದು ತನ್ನ ಹುಳುಗಳ ಸಲುವಾಗಿಯೇ ಎಂದು ಆಕೆ ನಂಬಿದ್ದಂತೆ ಕಾಣುತ್ತಿತ್ತು. ಪೇಪರಿನ ಮಸಿ ಹುಳುವಿಗೆ ಒಗ್ಗುವುದಿಲ್ಲ, ಬಿಳಿ ಹಾಳೆ ಶ್ರೇಷ್ಠ. ಅಂದು ಸಂಜೆ ತಟ್ಟೆಯ ಕಸ ತೆಗೆದು ಹೊಸ ಕಾಗದ ಹಾಸುವ ಹೊತ್ತಿಗೆ ಸರಿಯಾಗಿ ನಾನು ನಲವತ್ತು ಹಾಳೆ ತಂದಿಟ್ಟಿದ್ದೆ.

"ತೆಗೆದುಕೊಡಬಹುದಾ ಅಮ್ಮ?" ಎಂದು ಕೇಳಿದೆ.

"ಆಗಲ್ಲ. ಜ್ವರಕ್ಕೆ ಕೂತವೆ."

ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಒಂದೊಂದು ಸಲವೂ ಸೊಪ್ಪು ಮುಟ್ಟದೆ, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಆಗ ತಟ್ಟೆಯನ್ನು ಅಲುಗಿಸುವಂತಿಲ್ಲ. ವದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ತೋರಿಸಿದರು. ಬಿದಿರಿನ ತಟ್ಟೆಯಲ್ಲಿ ನನ್ನ ಎರಡು ವರ್ಷದ ಕೆಲಸ ಮಗುಚಿ ಮಲಗಿತ್ತು; ಮೇಲೆ ಸುಣ್ಣದ ಪುಡಿ, ಅದರ ಮೇಲೆ ಸಾವಿರಾರು ಹುಳು, ಎಲ್ಲ ತಲೆಯೆತ್ತಿಕೊಂಡು. ಅವು ಮಂದಾಕಿನಿಗಿಂತ ಗಂಭೀರವಾಗಿದ್ದವು ಎಂದು ಈಗ ಅನ್ನಿಸುತ್ತದೆ. ಆಗ ಅಳು ಬಂದಿತ್ತು.

"ನಾಳೆ ಮಧ್ಯಾಹ್ನ ಏಳ್ತವೆ. ಅಲ್ಲೀಗಂಟ ಇರಿ" ಎಂದರು ಮೇಷ್ಟ್ರು. ಇನ್ನೇನು ಮಾಡುವುದು, ಇದ್ದೆ. ಮುದ್ದೆ, ಬಸ್ಸಾರು ಉಂಡು ಜಗಲಿಯಲ್ಲಿ ಮಲಗಿದೆ.

ಮಾರನೆಯ ಬೆಳಿಗ್ಗೆ ಆ ಮನೆಯಲ್ಲಿ ರಜದ ವಾತಾವರಣ. ಹುಳು ತಿನ್ನದ ದಿನ ಸೊಪ್ಪು ಕೊಯ್ಯುವುದಿಲ್ಲ, ಹೆಚ್ಚುವುದಿಲ್ಲ; ಎದ್ದಾಗ ಹಾಕುವ ಸೊಪ್ಪು ಹಿಂದಿನ ಸಂಜೆಯೇ ಬಂದಿತ್ತು. ವದಿನ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದರು. ಮೇಷ್ಟ್ರು ಕಂಬಕ್ಕೊರಗಿ, "ಹೆಂಗೂ ಹಾಳೆ ಸಿಗಲ್ಲ. ಬಾಯಲ್ಲೇ ಹೇಳಿ" ಎಂದರು. ನಾನು ಅವರ ಕಡೆ ತಿರುಗಿ ಕೂತೆ. "ನನಗಲ್ಲ, ವದಿನಗೆ ಹೇಳಿ. ನಾನು ಬರೆದಿದ್ದೆಲ್ಲಾ ಮೊದಲು ಹುಳದ ಜ್ವರದ ದಿನ ಇವಳಿಗೆ ಹೇಳಿದ್ದೇ."

ಆಕೆಗೆ ಓದು ಬರದು. ಹೇಳಲು ಹೊರಟೆ ನೋಡಿ, ನಲವತ್ತು ಹಾಳೆ ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಬೆಳದಿಂಗಳಿಗೆ ಆರು ಪುಟ ಕೊಟ್ಟಿದ್ದೆ. ಹುಣಸೆಬೀಜ ಬಿಡಿಸುವವರ ಮುಂದೆ ಅದನ್ನು ಹೇಳಲು ನಾಚಿಕೆಯಾಗಿ ಬಿಟ್ಟುಬಿಟ್ಟೆ. ವದಿನ ಕಡೆಯವರೆಗೂ ಊಂಗುಟ್ಟಿದರು. ಆಮೇಲೆ ಕೇಳಿದರು.

"ಹನ್ನೊಂದು ದಿವ್ಸ ಏನ್ ತಿಂದ್ಲು?"

"ಅವಳು ದುಃಖದಲ್ಲಿದ್ಲು ಅಮ್ಮ."

"ಇರ್ಲಿ ನಾಯ್ನಾ. ದುಃಖದಾಗಿರೋರ್ಗೆ ಹೊಟ್ಟೆ ಇರಲ್ವಾ? ಹುಳ ಒಂದಿವ್ಸ ಉಪಾಸ ಕೂತ್ರೆ ಎದ್ದೇಟ್ಗೆ ಸೊಪ್ಪು ಸೊಪ್ಪು ಅಂತವೆ. ಹನ್ನೊಂದು ದಿವ್ಸ ಅವಳ್ಗೆ ಯಾರು ತಂದ್ಕೊಟ್ರು?"

"ಅಮ್ಮ ಇಡ್ತಿದ್ರು" ಎಂದುಬಿಟ್ಟೆ.

ಇದು ಕಥೆಯಲ್ಲಿರಲಿಲ್ಲ. ಮಂದಾಕಿನಿಗೆ ಅಮ್ಮನೇ ಇರಲಿಲ್ಲ. ಮದುವೆ ಮುರಿದು ಕೋಣೆಯಲ್ಲಿ ಕೂತವಳು ನನ್ನ ದೊಡ್ಡಕ್ಕ. ಅಮ್ಮ ದಿನವೂ ಎರಡು ಹೊತ್ತು ಬಾಗಿಲ ಹತ್ತಿರ ತಟ್ಟೆ ಇಟ್ಟು ಮರೆಗೆ ಹೋಗುತ್ತಿದ್ದಳು. ಅಕ್ಕ ಉಂಡರೆ ಖಾಲಿ ತಟ್ಟೆ ತೊಳೆದಿಡುವಳು. ಉಣ್ಣದಿದ್ದರೆ ಆ ತಣ್ಣಗಾದ ಮುದ್ದೆಯನ್ನು ತಾನೇ ಒಲೆಯ ಮುಂದೆ ಕೂತು ತಿಂದು, "ಉಂಡ್ಲು ಕಣ್ರೀ" ಎಂದು ಅಪ್ಪನಿಗೆ ಸುಳ್ಳು ಹೇಳುವಳು. ಅಪ್ಪನಿಗೆ ಕೋಪ ಬರದಿರಲಿ ಎಂದು. ಇದೆಲ್ಲವನ್ನೂ ಅಲ್ಲಿ ಹೇಳಿದೆ. ಎರಡು ವರ್ಷ ಕೂತು ಚಂದ್ರನನ್ನು ವರ್ಣಿಸಿದವನಿಗೆ ಅಮ್ಮ ನೆನಪಿಗೇ ಬಂದಿರಲಿಲ್ಲವಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು.

ವದಿನ ಬೀಜ ಬಿಡಿಸುವುದನ್ನು ನಿಲ್ಲಿಸಿದ್ದರು. ಮೇಷ್ಟ್ರು, "ಇದನ್ನ ಬರೆದಿದ್ದೀರಾ?" ಎಂದರು. ಇಲ್ಲ ಎಂದೆ.

ಧೈರ್ಯ ಮಾಡಿ ನಾನೇ ಕೇಳಿದೆ. "ನೀವು ಯಾಕೆ ಸಾರ್ ಬರೆಯೋದು ನಿಲ್ಸಿದ್ರಿ?"

"ನಿಲ್ಸಿಲ್ಲಪ್ಪ. ಒಬ್ಬನು ಇಪ್ಪತ್ತು ವರ್ಷ ಆದ್ಮೇಲೆ ಮನೆಗೆ ವಾಪಸ್ ಬಂದು ಬಾಗಿಲು ತಟ್ಟೋ ಕಥೆ ಹೇಳ್ದೆ. ಯಾರನ್ನ ನೋಡೋಕೆ ಬಂದ ಅಂತ ಕೇಳಿದ್ಲು ಇವಳು. ಆರು ವರ್ಷ ಆಯ್ತು, ಹೊಳೀತಾ ಇಲ್ಲ." ಅವರು ನಗುತ್ತಲೇ ಹೇಳಿದರು. ವದಿನ ಮಾತ್ರ ನಗಲಿಲ್ಲ. "ಹೊಳೆದಾಗ ಹೇಳ್ಲಿ, ನಾನೇನ್ ಎಲ್ಲೂ ಹೋಗಲ್ಲ" ಎಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

ಮಧ್ಯಾಹ್ನ ಹುಳುಗಳು ಜ್ವರ ಬಿಟ್ಟು ಎದ್ದವು. ವದಿನ ಎಳೇ ಸೊಪ್ಪು ಉದುರಿಸಿ, ಅವು ಸೊಪ್ಪಿಗೆ ಹತ್ತಿಕೊಂಡ ಮೇಲೆ ಬೇರೆ ತಟ್ಟೆಗೆ ಎತ್ತಿಹಾಕಿ, ನನ್ನ ಹಾಳೆಗಳನ್ನು ಕೊಡವಿ ತಂದುಕೊಟ್ಟರು. ಸುಣ್ಣ, ಹಿಕ್ಕೆ, ಅಲ್ಲಲ್ಲಿ ಹಸಿರು ಕಲೆ. ಅಕ್ಷರಕ್ಕೆ ಏನೂ ಆಗಿರಲಿಲ್ಲ, ಬೇಕಾಗಿದ್ದರೆ ಮೇಷ್ಟ್ರು ಅಲ್ಲೇ ಓದಬಹುದಿತ್ತು. ಅವರು ಕೈಯನ್ನೂ ಚಾಚಿದರು. ನಾನು ಕಟ್ಟನ್ನು ವದಿನಳಿಗೇ ವಾಪಸು ಕೊಟ್ಟು, "ಮುಂದಿನ ಜ್ವರಕ್ಕೆ ಇಟ್ಕೊಳ್ಳಿ ಅಮ್ಮ" ಎಂದೆ. ಆಕೆ ನನ್ನ ಚೀಲಕ್ಕೆ ಇಪ್ಪತ್ತು ಮಾವಿನಹಣ್ಣು ತುಂಬಿದರು. ಅವುಗಳಲ್ಲಿ ನನ್ನ ಆರು ಇದ್ದವೋ ಇಲ್ಲವೋ ತಿಳಿಯದು.

ಅಮ್ಮನ ಕಥೆ ಬರೆಯಲು ಮತ್ತೆ ಒಂದು ವರ್ಷ ಹಿಡಿಯಿತು. ಒಂಬತ್ತೇ ಪುಟ, ಒಂದರಲ್ಲೂ ಚಂದ್ರನಿಲ್ಲ. ಅಚ್ಚಾದಾಗ ಪತ್ರಿಕೆಯನ್ನು ಮೇಷ್ಟ್ರಿಗೆ ಕಳಿಸಿದೆ. ಕಾರ್ಡು ಬಂತು: "ವದಿನಗೆ ಓದಿ ಹೇಳಿದೆ. ಹುಡುಗಿ ಉಂಡಳಲ್ಲ, ಆಯ್ತು ಬಿಡು ಅಂದಳು. ನನ್ನವನು ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ." ಅವನು ಕೊನೆಗೂ ಒಳಗೆ ಬರಲಿಲ್ಲ. ಮೇಷ್ಟ್ರೂ ಹೋದರು, ವದಿನಳೂ ಹೋದರು. ಚೆನ್ನಾಗಿದೆ ಎಂಬ ಮಾತನ್ನು ಇಬ್ಬರೂ ನನಗೆ ಹೇಳಲಿಲ್ಲ ಎನ್ನುವುದು ನನಗೆ ಹೊಳೆದದ್ದು ಮೊನ್ನೆ, ಸ್ಟೂಲಿನ ಮೇಲೆ ನಿಂತಾಗ.

ಕಟ್ಟನ್ನು ಹಿಡಿದು ಕೆಳಗೆ ಹೋದೆ. ಸರೋಜಮ್ಮ ಸೋರೆಕಾಯಿ ಹೆಚ್ಚುತ್ತಿದ್ದರು.

"ಓದಿದ್ರಾ ಸಾರ್?"

"ಇಲ್ಲ ಸರೋಜಮ್ಮ. ಬಾಯಲ್ಲಿ ಹೇಳ್ತೀರಾ, ಕೇಳ್ತೀನಿ" ಎಂದು ನೆಲದ ಮೇಲೆಯೇ ಕೂತೆ.

ಅವರು ಸ್ವಲ್ಪ ಸಂಕೋಚಪಟ್ಟು ಶುರು ಮಾಡಿದರು. ಒಬ್ಬಳು ಕೈಗೂಸನ್ನು ಎತ್ತಿಕೊಂಡು, ಯಾರಿಗೂ ಹೇಳದೆ ಗಂಡನ ಮನೆಯಿಂದ ಹೊರಟು ಬೊಂಬಾಯಿಯ ರೈಲು ಹತ್ತುತ್ತಾಳೆ. ನಾನು ಊಂಗುಟ್ಟುತ್ತಾ ಇದ್ದೆ. ರೈಲು ಗುಂತಕಲ್ಲು ದಾಟಿದ ಮೇಲೆ ಕೇಳಿದೆ.

"ದಾರಿಗೆ ಏನ್ ಕಟ್ಕೊಂಡಿದ್ಲು?"

ಚಾಕು ನಿಂತಿತು.

"ಏನೂ ಇರ್ಲಿಲ್ಲ ಸಾರ್" ಎಂದರು. "ಎದುರು ಸೀಟಲ್ಲಿ ಒಬ್ಬ ಅಜ್ಜಿ ಇದ್ರು. ಅವರ ಬುತ್ತೀಲಿ ಅರ್ಧ ನನಗೆ ಕೊಟ್ರು. ನೋಡಿ, ಅವರನ್ನ ನಾನು ಬರೆದೇ ಇಲ್ಲ."