ಮಗ್ಗ ನಿಂತಾಗ ಎದ್ದವರು

ಈಚೆಗೆ ದೊಡ್ಡಬಳ್ಳಾಪುರದಲ್ಲಿ ನಾನು ದೊಡ್ಡ ಸಂಗೀತರಸಿಕನೆಂದು ಹೆಸರಾಗಿದ್ದೇನೆ. ಆ ಹೆಸರು ಬಂದದ್ದು ನಿದ್ದೆಯಿಂದ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ, ನಮ್ಮ ಬೀದಿಯಲ್ಲಿ ಬಾಯಿಬಿಡಬೇಡಿ.

ನಮ್ಮದು ನೇಕಾರರ ಮನೆ. ಹಜಾರದ ಪಕ್ಕದಲ್ಲೇ ನಾಲ್ಕು ಕರೆಂಟಿನ ಮಗ್ಗಗಳು. ಹೊರಗಿನವರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಾವೋ, ಮಧ್ಯಾಹ್ನ ಅವುಗಳ ಮಗ್ಗುಲಲ್ಲೇ ಚಾಪೆ ಹಾಸಿ ಗೊರಕೆ ಹೊಡೆಯುವವರು. ಸದ್ದು ನಿಂತರೆ ಮಾತ್ರ ನಮಗೆ ಎಚ್ಚರ. ಮಗ್ಗ ನಿಂತಿತೆಂದರೆ ಎಲ್ಲೋ ಎಳೆ ಕಡಿದಿದೆ ಎಂದರ್ಥ. ಕಣ್ಣು ಬಿಡುವ ಮೊದಲೇ ಎದ್ದು ನಿಂತಿರುತ್ತೇವೆ. ತಾಳಕ್ಕೆ ಹತ್ತು ಪ್ರಾಣಗಳೆಂದು ಶಾಸ್ತ್ರ ಹೇಳುತ್ತದೆ. ನಮ್ಮ ಮಗ್ಗದ ತಾಳಕ್ಕೆ ಎರಡೇ, ನೂಲು ಮತ್ತು ಕರೆಂಟು.

ಈ ಸದ್ದನ್ನು ಹಾಡು ಮಾಡಿದವಳು ನನ್ನ ಅಣ್ಣ ಹನುಮಂತಪ್ಪನ ಮಗಳು ಶಿಲ್ಪಾ. ಮಗ್ಗದ ಲಯ, ಅದಕ್ಕೆ ಅಜ್ಜಿಯ ಸೋಬಾನೆ, ಜೊತೆಗೆ ತಮಟೆ, ಎಲ್ಲದರ ಮೇಲೆ ಉಸಿರುಬಿಡದ ರ‍್ಯಾಪ್. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ 'ಲಾಳಿ'ಯ ಹೆಸರನ್ನೇ ತನಗೆ ತಾನೇ ಇಟ್ಟುಕೊಂಡಳು. ಮಾಕಳಿದುರ್ಗದ ಬಂಡೆಯ ಮೇಲೆ ಹಾಡಿದ್ದನ್ನು ಬೆಟ್ಟ ಹತ್ತಲು ಬಂದ ಯಾರೋ ಮೊಬೈಲಿನಲ್ಲಿ ಹಿಡಿದು ಹರಡಿದರು. ಬೆಂಗಳೂರಿನ ಸಭಾಂಗಣವೊಂದರಿಂದ ಕರೆ ಬಂತು. ಚಿಕ್ಕಪ್ಪನಾದ ನಾನು ಸುಮ್ಮನಿರಲಾದೀತೇ? ದ್ವಿತೀಯಾಕ್ಷರ ಪ್ರಾಸದ ಮಹಿಮೆಯನ್ನು ವಿವರಿಸಹೊರಟೆ. "ಚಿಕ್ಕಪ್ಪ, ನೀವು ಎರಡ್ನೇ ಅಕ್ಷರಕ್ಕೆ ಬರೋಷ್ಟ್ರಲ್ಲಿ ನಾನು ನಾಲ್ಕು ಸಾಲು ಮುಗಿಸಿರ್ತೀನಿ" ಎಂದಳು.

ಅಣ್ಣನಿಗೆ ಇದೊಂದೂ ಹಿಡಿಸಿರಲಿಲ್ಲ. ಅವಳು ಹಾಡುವಾಗ ಅವನು ತಲೆ ಎತ್ತಿ ನೋಡಿದವನೂ ಅಲ್ಲ.

"ಈ ಸದ್ದಿಗೆ ಟಿಕೆಟ್ ಯಾರಮ್ಮ ತಗೋತಾರೆ? ನಮ್ಮನೇಲಿ ಬಿಟ್ಟಿ ಸಿಗುತ್ತೆ" ಎಂದ. ಕೊನೆಗೆ ಶರತ್ತು ಹಾಕಿದ. "ಇದೊಂದ್ಸಲ ಹಾಡು. ಜನ ಎದ್ದು ನಿಂತು ಮೆಚ್ಚಿದ್ರೆ ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ಹಾಡು ಬಿಟ್ಟು ಬಂದು ಮಗ್ಗ ನೋಡ್ಕೋ."

"ಆಗ್ಲಪ್ಪ" ಎಂದಳು. ಮುಖ ಬಾಡಿಹೋಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ವ್ಯಾನು ಮಾಡಿಕೊಂಡು ಬೀದಿಯ ನೇಕಾರರೆಲ್ಲ ಹೋದೆವು. ನಮಗೆ ಮುಂದಿನ ಸಾಲು. ಅಲ್ಲಿನ ಕುರ್ಚಿಗಳೋ ಹತ್ತಿಯ ಹಾಗೆ ಮೆತ್ತಗೆ. ಲಾಳಿ ರಂಗಕ್ಕೆ ಬಂದಳು, ಸ್ಪೀಕರಿನಲ್ಲಿ ಮಗ್ಗದ ಸದ್ದು ಶುರುವಾಯಿತು, ನನಗೆ ಗಾಢವಾದ ನಿದ್ದೆ ಬಂತು. ಪಕ್ಕದಲ್ಲಿ ಅಣ್ಣನೂ ತೂಕಡಿಸುತ್ತಿದ್ದನೆಂದು ಆಮೇಲೆ ತಿಳಿಯಿತು. ಹಾಡು ಏರಿ ಏರಿ, ಇದ್ದಕ್ಕಿದ್ದಂತೆ ಎಲ್ಲ ಸದ್ದೂ ನಿಂತಿತು.

ಇಡೀ ಸಾಲು ದಡಕ್ಕನೆ ಎದ್ದು ನಿಂತೆವು. ಎಳೆ ಎಲ್ಲಿ ಕಡಿದಿದೆಯೆಂದು ನಾನು ಕತ್ತು ಚಾಚಿ ಹುಡುಕುತ್ತಿದ್ದೆ. ಹಿಂದಿನ ಸಾಲಿನವರು, ಇದೇ ರಸಿಕರ ಪದ್ಧತಿಯಿರಬೇಕೆಂದು ತಾವೂ ಎದ್ದರು. ಕ್ಷಣದಲ್ಲಿ ಸಭಾಂಗಣವೆಲ್ಲ ನಿಂತು ಚಪ್ಪಾಳೆ ತಟ್ಟುತ್ತಿತ್ತು. ಅಣ್ಣ ಸುತ್ತಲೂ ನೋಡಿದ, ತನ್ನ ಕಾಲನ್ನೂ ನೋಡಿಕೊಂಡ. ಶರತ್ತು ಅವನದೇ.

ಅಲ್ಲಿಂದ ಲಾಳಿಗೆ ಬಿಡುವಿಲ್ಲ. ಹೋದಲ್ಲೆಲ್ಲ ಆ ಜಾಗಕ್ಕೆ ಬಂದೊಡನೆ ಜನ ಏಳುತ್ತಾರೆ. ಅದೊಂದು ಸಂಪ್ರದಾಯವೇ ಆಗಿದೆ. ಮೊದಲು ಎದ್ದ ರಸಿಕನೆಂದು ನನಗೆ ಶಾಲು ಹೊದಿಸಿದವರೂ ಉಂಟು. ಒಂದು ದಿನ ಶಿಲ್ಪಾಳನ್ನು ಕೇಳಿದೆ, "ಅಲ್ಲಿ ಯಾಕಮ್ಮ ನಿಲ್ಲಿಸ್ತೀಯ?"

"ನಾನು ಹಾಡಿದ್ರೆ ಅಪ್ಪ ಏಳಲ್ಲ ಚಿಕ್ಕಪ್ಪ. ಮಗ್ಗ ನಿಂತ್ರೆ ಎದ್ದೇ ಏಳ್ತಾರೆ."

ಅಣ್ಣನಿಗೂ ಇದನ್ನು ಹೇಳಿಬಿಟ್ಟೆ. ನನ್ನ ಬಾಯಿ ನಿಲ್ಲುವುದಿಲ್ಲ. ಅವನು ಹೂಂ ಎಂದನಷ್ಟೆ.

ಹೋದ ವಾರ ಹೊಸಕೋಟೆಯಲ್ಲಿ ಅವಳ ಕಾರ್ಯಕ್ರಮ. ಸದ್ದು ನಿಂತಿತು, ಊರಿಗೆ ಊರೇ ಎದ್ದಿತು. ಅಣ್ಣನೊಬ್ಬ ಮಾತ್ರ ಕೈಕಟ್ಟಿ ಗಟ್ಟಿಯಾಗಿ ಕೂತಿದ್ದ. ರಂಗದ ಮೇಲೆ ಶಿಲ್ಪಾಳ ಮುಖ ಸಣ್ಣದಾಯಿತು. ಮತ್ತೆ ಹಾಡು ಶುರುವಾಗಿ ಜನರೆಲ್ಲ ಕೂತರು. ಆಗ ಅಣ್ಣ ನಿಧಾನವಾಗಿ ಎದ್ದ. ಯಾವ ಎಳೆಯೂ ಕಡಿದಿರಲಿಲ್ಲ. ಹಿಂದಿನವರು "ಕೂತ್ಕೊಳ್ಳಿ ಯಜಮಾನ್ರೇ, ಕಾಣಿಸ್ತಿಲ್ಲ" ಎಂದು ಗೊಣಗುತ್ತಿದ್ದರೂ ಹಾಡು ಮುಗಿಯುವ ತನಕ ಅವನು ನಿಂತೇ ಇದ್ದ.

ನನಗೂ ಅಂದು ನಿದ್ದೆ ಬರಲಿಲ್ಲ.