ಅವ್ವನ ಕೊರಳಿನ ನಾಲ್ಕು ಬೆರಳಗಲ

ಅವ್ವನ ದನಿ ಮೊದಲು ಕೈಕೊಟ್ಟದ್ದು ರಾಗಿ ಕುಯ್ಲಿನ ಹೊತ್ತಿನಲ್ಲಿ. ಹೊಲದ ಆಚೆ ಬದಿಯಲ್ಲಿದ್ದ ಅಪ್ಪನನ್ನು ಊಟಕ್ಕೆ ಕೂಗಲು ಬಾಯಿ ತೆರೆದಳಂತೆ, ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಮಂಜಿಗೆ ಗಂಟಲು ಕಟ್ಟಿದೆ ಎಂದು ಮೆಣಸಿನ ಕಷಾಯ ಕುಡಿದಳು. ಒಂದು ತಿಂಗಳು ಕುಡಿದಳು. ಹಾಸನೂರಿನ ಗಂಡನ ಮನೆಯಿಂದ ನಾನು ತವರೂರು ತಿಗನಾರೆಗೆ ಬಂದು ನೋಡುವಷ್ಟರಲ್ಲಿ ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಗಂಜಿಯನ್ನೂ ಕತ್ತು ಒಂದು ಕಡೆಗೆ ವಾಲಿಸಿ ನುಂಗುತ್ತಿದ್ದಳು. ಹೊಗೆಸೊಪ್ಪು ಮಾತ್ರ ದವಡೆಯಲ್ಲೇ ಇತ್ತು.

"ಅದ್ನಾದ್ರೂ ಬುಡವ್ವ" ಎಂದೆ. ಅದನ್ನೂ ಬಿಟ್ಟರೆ ದೇವರ ರಾಜ್ಯ ಬರುವ ತನಕ ಹೊತ್ತು ಕಳೆಯುವುದು ಹೇಗೆ ಎಂದು ಪಿಸುದನಿಯಲ್ಲೇ ನಕ್ಕಳು. ಜಗಲಿಯ ಮೇಲಿದ್ದ ಅಪ್ಪನಿಗೆ ಕೇಳಲೆಂದೇ ಆಡಿದ ಮಾತು. ಅಪ್ಪನಿಗೆ ಕೇಳಿಸಲಿಲ್ಲ, ಅವಳ ದನಿ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಚಾಮರಾಜನಗರದ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಏನೂ ಹೇಳದೆ ಮೈಸೂರಿಗೆ ಚೀಟಿ ಬರೆದರು. ಮೈಸೂರಿನಲ್ಲಿ ಬಯಾಪ್ಸಿ ಆಯಿತು. ಎಂಟು ದಿನ ಛತ್ರವೊಂದರಲ್ಲಿ ಕಾದೆವು. ರಿಪೋರ್ಟ್ ಬಂದ ದಿನ ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬನ್ನಿ ಎಂದರು.

ಕ್ಯಾನ್ಸರ್.

ದನಿ ಹೊರಡುವ ಜಾಗದಲ್ಲೇ ಬೆಳೆದಿದೆ, ಕೊಯ್ದು ತೆಗೆಯುವ ಹಂತ ದಾಟಿದೆ, ಕರೆಂಟ್ ಕೊಟ್ಟು ನೋಡೋಣ ಎಂದರು. ರೇಡಿಯೇಷನ್‌ಗೆ ವಾರ್ಡಿನಲ್ಲಿ ಎಲ್ಲರೂ ಕರೆಂಟ್ ಎಂದೇ ಅನ್ನುತ್ತಿದ್ದರು. ಅಪ್ಪ ಕೇಳಿದ್ದು ಒಂದೇ ಮಾತು. "ಎಷ್ಟು ದಿಸ ಸಾರ್?"

"ದಿನದ ಮಾತು ಆಮೇಲೆ. ಮೊದಲು ಉಸಿರಿಗೆ ದಾರಿ ಮಾಡೋಣ" ಎಂದರು ಡಾಕ್ಟರು.

ಮರುದಿನ ಟ್ರೆಕಿಯಾಸ್ಟಮಿ ಮಾಡಿದರು. ಕೊರಳ ಕೆಳಗೆ ಒಂದು ತೂತು, ಅದರಲ್ಲಿ ಬಾಗಿದ ಲೋಹದ ಟ್ಯೂಬು, ಟ್ಯೂಬಿನೊಳಗೆ ಇನ್ನೊಂದು ಟ್ಯೂಬು. ಒಳಗಿನದನ್ನು ದಿನಕ್ಕೆ ಮೂರು ಸಲ ತೆಗೆದು, ತೊಳೆದು, ಕುದಿಸಿ, ಮತ್ತೆ ಹಾಕಬೇಕು. ನರ್ಸಮ್ಮ ಎರಡು ಸಲ ತೋರಿಸಿಕೊಟ್ಟರು, ಮೂರನೇ ಸಲ ನನ್ನ ಕೈಗೇ ಕೊಟ್ಟರು. ಟ್ಯೂಬಿನ ತುದಿ ಅಂಚಿಗೆ ತಾಕಿತು. ಅವ್ವ ನನ್ನ ಮಣಿಕಟ್ಟು ಹಿಡಿದು ಟ್ಯೂಬನ್ನು ತಾನೇ ದಾರಿಗೆ ತಂದಳು.

ಅವಳು ಉಸಿರೆಳೆದಾಗಲೆಲ್ಲ ಅದರಿಂದ ಸುಯ್ ಎಂದು ಸದ್ದು ಬರುತ್ತಿತ್ತು. ಏನಾದರೂ ಹೇಳಬೇಕಾದರೆ ತೂತಿಗೆ ಬೆರಳು ಮುಚ್ಚಬೇಕು, ಆಗ ಒಂದೆರಡು ಮಾತು ಹರಕು ದನಿಯಲ್ಲಿ ಹೊರಡುತ್ತಿದ್ದವು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕರೆದು ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ. ತಲೆ ಮೇಲೆ ನೀರು ಸುರಿಯಬೇಡಿ, ಕೆರೆ ತೊಟ್ಟಿ ಕಡೆ ಬಿಡಬೇಡಿ. "ಆ ತೂತಿಗೆ ನೀರು ಹೋದ್ರೆ ದಡದಲ್ಲಿ ಕೂತಿದ್ರೂ ಮುಳುಗಿದ ಹಾಗೇ ಕಣಮ್ಮ."

ಇಲ್ಲಿ ನಮ್ಮ ಮನೆಯ ನಂಬಿಕೆಯ ವಿಷಯ ಹೇಳಲೇಬೇಕು. ಹೇಳದಿದ್ದರೆ ಮುಂದಿನದೆಲ್ಲ ಹುಚ್ಚಾಟದ ಹಾಗೆ ಕಾಣುತ್ತದೆ.

ಅಪ್ಪ ಅವ್ವ ಇಬ್ಬರೂ ಚರ್ಚಿಗೆ ಹೋಗುವ ಮನೆಗಳಲ್ಲಿ ಹುಟ್ಟಿದವರು. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಅಂಚೆಯಲ್ಲಿ ಬೈಬಲ್ ಪಾಠಗಳು ಬರತೊಡಗಿದವು, ತಮಿಳಿನಲ್ಲಿ. ನಮ್ಮ ಬೆಟ್ಟ ತಮಿಳುನಾಡಿಗೆ ಸೇರಿದ್ದರಿಂದ ಅಪ್ಪ ಓದಿದ್ದು ತಮಿಳು ಶಾಲೆ. ಎರಡು ವರ್ಷ ಹೊಲದ ಕಾವಲು ಅಟ್ಟಣೆಯ ಮೇಲೆ ಕೂತು ಓದಿ, ಉತ್ತರ ಬರೆದು ಕಳಿಸಿದ. ಕೊನೆಗೆ ಚರ್ಚು ಬಿಟ್ಟ. ದೇವರು ಒಬ್ಬನೇ, ಮೂವರಲ್ಲ. ಯೇಸು ಅವನ ಮಗ, ನಮ್ಮಂತೆಯೇ ಹುಟ್ಟಿದವನು, ನಿಜವಾಗಿ ಸತ್ತವನು, ದೇವರು ಎಬ್ಬಿಸಿದವನು. ಸತ್ತವರು ಮೇಲೆಲ್ಲೂ ಹೋಗುವುದಿಲ್ಲ, ಮಣ್ಣಿನಲ್ಲಿ ಅರಿವಿಲ್ಲದೆ ಮಲಗಿರುತ್ತಾರೆ. ಯೇಸು ಮರಳಿ ಬಂದಾಗ ದೇವರ ರಾಜ್ಯ ಇಳಿಯುವುದು ಇದೇ ಭೂಮಿಗೆ. ನಮ್ಮ ಬೆಟ್ಟಕ್ಕೂ ಇಳಿಯುತ್ತದೆ, ಆಗ ಆನೆ ರಾಗಿ ಹೊಲಕ್ಕೆ ನುಗ್ಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ತಿಳಿದು ನಂಬಿ, ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರು ಅಂದು ಮಣ್ಣಿನಿಂದ ಏಳುತ್ತಾರೆ.

ಉಳಿದವರು ಏಳುವುದಿಲ್ಲ, ಅಷ್ಟೇ. ಬೆಂಕಿಯ ನರಕವೇ ಇಲ್ಲ, ಹೆದರಬೇಕಾದ್ದಿಲ್ಲ ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ನನಗೆ ಆ ಸಮಾಧಾನಕ್ಕೇ ಹೆದರಿಕೆಯಾಗುತ್ತಿತ್ತು.

ಹಾಗೆ ನಂಬಿದವರು ನಮ್ಮ ಕಡೆ ನಾಲ್ಕೇ ಜನ: ಅಪ್ಪ, ನಾನು, ಪಕ್ಕದ ಊರಿನ ತೋಮಾಸಣ್ಣ, ಅವನ ಹೆಂಡತಿ. ಭಾನುವಾರ ನಮ್ಮ ಮನೆಯಲ್ಲೇ ರೊಟ್ಟಿ ಮುರಿಯುತ್ತಿದ್ದೆವು. ದೀಕ್ಷಾಸ್ನಾನ ನಮ್ಮ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ. ಅದಕ್ಕೆ ಮುಂಚೆ ಅಪ್ಪ ಪ್ರಶ್ನೆ ಕೇಳುತ್ತಾನೆ, ಸರಿ ಉತ್ತರ ಬಂದರೆ ಮಾತ್ರ ನೀರಿಗಿಳಿಸುತ್ತಾನೆ. ನೀರಿನಲ್ಲಿ ಹೂಳಿದ ಹಾಗೆ ಇಡೀ ಮೈ ಮುಳುಗಬೇಕು. ತೋಮಾಸಣ್ಣನ ಒಂದು ಮೊಣಕಾಲು ಮೇಲೆ ಉಳಿಯಿತೆಂದು ಅಪ್ಪ ಅವನನ್ನು ಇನ್ನೊಂದು ಸಲ ಅದ್ದಿದ್ದ.

ಅವ್ವನಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಒಂದು ಪ್ರಶ್ನೆಯಲ್ಲಿ ಅವಳು ಪ್ರತಿ ಸಲವೂ ನಪಾಸು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಹನ್ನೊಂದು ತಿಂಗಳಿಗೆ ದಡಾರ ಬಂದು ಹೋಗಿದ್ದ. ಹೊಲದ ಬದಿಯ ಹೊಂಗೆ ಮರದಡಿ ಅವನನ್ನು ಮಣ್ಣು ಮಾಡಿದ್ದರು. ಮಗು ದೇವರ ಹತ್ತಿರ ಮೇಲೆ ಇದೆ ಎಂದು ಆಗ ಚರ್ಚಿನಲ್ಲಿ ಹೇಳಿದ್ದನ್ನು ಅವ್ವ ಬಿಟ್ಟುಕೊಡಲೇ ಇಲ್ಲ. ವರ್ಷಕ್ಕೊಮ್ಮೆ ಅಪ್ಪ ಕೇಳುವನು, "ಮಗ ಎಲ್ಲವ್ನೆ?" ಅವ್ವ "ಮ್ಯಾಲವ್ನೆ" ಎನ್ನುವಳು. ಅಪ್ಪ ಪುಸ್ತಕ ಮುಚ್ಚಿ "ಇನ್ನೂ ತಿಳೀಬೇಕು" ಎಂದು ಏಳುವನು. ಹೀಗೆ ಹದಿನಾಲ್ಕು ವರ್ಷ. ಪ್ರತಿ ಭಾನುವಾರ ರೊಟ್ಟಿ ಸುಡುವವಳು ಅವಳೇ, ದ್ರಾಕ್ಷಿ ಕುದಿಸಿ ರಸ ಸೋಸುವವಳೂ ಅವಳೇ. ತಟ್ಟೆ ಸುತ್ತು ಬರುವಾಗ ಮಾತ್ರ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು. ಅಪ್ಪನ ಮೇಲೆ ನನಗೆ ಒಳಗೊಳಗೇ ಕೋಪವಿತ್ತು. ಅಪ್ಪ ಅನ್ಯಾಯ ಮಾಡುತ್ತಿದ್ದಾನೆ ಅನಿಸುತ್ತಿತ್ತು, ಆದರೆ ಅಪ್ಪ ಹೇಳಿದ್ದನ್ನೇ ನಾನೂ ನಂಬಿದ್ದೆ.

ಕರೆಂಟ್ ಮುಗಿಸಿ ಊರಿಗೆ ಬಂದ ಮೇಲಿನ ಎರಡನೇ ಭಾನುವಾರ. ರೊಟ್ಟಿ ನಾನು ಸುಟ್ಟಿದ್ದೆ, ಒಂದು ಮಗ್ಗುಲು ಸೀದಿತ್ತು. ತಟ್ಟೆ ತೋಮಾಸಣ್ಣನ ಹೆಂಡತಿಯ ಕೈಗೆ ಬಂದಾಗ ಅವ್ವ ಹೊಸ್ತಿಲಿನಿಂದ ಎದ್ದು ಬಂದು ಅಪ್ಪನ ಎದುರು ಕೂತಳು. ಕೊರಳಿಗೆ ಬೆರಳು ಒತ್ತಿದಳು.

"ನಂಗೂ."

ಅಪ್ಪ ತಟ್ಟೆಯನ್ನೇ ನೋಡುತ್ತ ಕೂತ. ನೀರಿಗಿಳಿಯದೆ ರೊಟ್ಟಿ ಕೊಡುವಂತಿಲ್ಲ, ನೀರಿಗಿಳಿಸಿದರೆ ಅವಳು ಉಳಿಯುವುದಿಲ್ಲ. ತಲೆಗೆ ನೀರು ಚಿಮುಕಿಸಿದರೆ ಸಾಲದೇ ಎಂದು ನಾನು ಕೇಳಿದೆ. ಚರ್ಚಿನ ಆ ಪದ್ಧತಿ ಬಿಟ್ಟೇ ಅಲ್ಲವೇ ನಾವು ಈಚೆ ಬಂದದ್ದು ಎಂದ ಅಪ್ಪ. ಆಮೇಲೆ ಹದಿನೈದು ದಿನ ಅಪ್ಪನದು ಒಂದೇ ಕೆಲಸ. ತೊಟ್ಟಿಯ ಹತ್ತಿರ ಹೋಗಿ ಒಳಗೆ ಕೋಲು ಇಳಿಬಿಟ್ಟು ನೀರಿನ ಆಳ ನೋಡುವುದು, ವಾಪಸ್ ಬರುವುದು. ನಾನು ಡಾಕ್ಟರ ಮಾತನ್ನು ಮತ್ತೆ ಮತ್ತೆ ಹೇಳಿದೆ. ಅವ್ವ ಪ್ರತಿ ಸಲವೂ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಅಂಗಳದಲ್ಲಿ ಹಂಡೆಯ ಒಲೆ ಹಚ್ಚಿ ನೀರು ಕಾಯಿಸುತ್ತಿದ್ದ. ಅಷ್ಟು ದೊಡ್ಡ ತೊಟ್ಟಿಗೆ ಬಿಸಿನೀರು. ಕಣ್ಣಿಗೆ ಪೊರೆ ಬಂದಿದ್ದರಿಂದ ದಾರಿ ತಡವರಿಸುತ್ತ, ಕೊಡದ ಮೇಲೆ ಕೊಡ ಹೊತ್ತು ಸುರಿದ. ನಾನೂ ಹೊತ್ತೆ. ಹನ್ನೊಂದು ಗಂಟೆಯ ಬಿಸಿಲಿಗೆ ನೀರು ಕೈಗೆ ಹಿತವಾಗುವಷ್ಟು ಬೆಚ್ಚಗಾಯಿತು.

ತೊಟ್ಟಿಯ ಕಟ್ಟೆಯ ಮೇಲೆ ಅವ್ವನನ್ನು ಕೂರಿಸಿ ಅಪ್ಪ ಪ್ರಶ್ನೆ ಶುರು ಮಾಡಿದ. ಈ ಸ್ಥಿತಿಯಲ್ಲೂ ಬಿಡಲಿಲ್ಲ. ದೇವರು ಎಷ್ಟು ಜನ? ಅವ್ವ ಒಂದು ಬೆರಳು ಎತ್ತಿದಳು. ಯೇಸು ಅವನ ಮಗನೋ? ಹೌದೆಂದು ತಲೆಯಾಡಿಸಿದಳು. ಮರಳಿ ಬರುವುದು ಎಲ್ಲಿಗೆ? ಅಂಗೈಯಿಂದ ಕಟ್ಟೆ ತಟ್ಟಿದಳು. ಆಮೇಲೆ ಅಪ್ಪ ನೀರಿಗೆ ಕೈ ಅದ್ದಿ ನೋಡಿದ. ಕೊನೆಯದನ್ನು ಕೇಳದೆ ಬಿಡುತ್ತಾನೆ ಅಂದುಕೊಂಡೆ.

"ನಮ್ ಮಗ ಎಲ್ಲವ್ನೆ?"

ಟ್ಯೂಬಿನ ಸದ್ದು ಸ್ವಲ್ಪ ಹೊತ್ತು ಜೋರಾಯಿತು. ಅವ್ವ ಹೊಂಗೆ ಮರದ ಕಡೆ ತಿರುಗಿ, ಕೈ ಚಾಚಿ, ಮರದ ಬುಡದ ಮಣ್ಣು ತೋರಿಸಿದಳು.

ಅಪ್ಪ ಪಂಚೆ ಎತ್ತಿಕಟ್ಟಿ ನೀರಿಗಿಳಿದ. ನಾನೂ ಇಳಿದೆ. ಅಪ್ಪ ಒಂದು ಕೈಯನ್ನು ಅವಳ ಬೆನ್ನಿಗೆ, ಇನ್ನೊಂದನ್ನು ಕತ್ತಿನ ಹಿಂದಕ್ಕೆ ಕೊಟ್ಟ. ನಾನು ಅವಳ ಮೂಗು ಹಿಡಿದು, ಮಡಿಸಿದ ಬಟ್ಟೆಯನ್ನು ಟ್ಯೂಬಿನ ಮೇಲಿಟ್ಟು, ಅಂಗೈ ಬೋಗುಣಿ ಮಾಡಿ ಮುಚ್ಚಿದೆ. ಅಪ್ಪ ದೇವರ ಮಾತು ಹೇಳಿ ಅವಳನ್ನು ಹಿಂದಕ್ಕೆ ಬಾಗಿಸಿದ. ಕಾಲು, ಹೊಟ್ಟೆ, ಎದೆ, ಕೂದಲು, ಹಣೆ, ಕಣ್ಣು, ಬಾಯಿ ಎಲ್ಲ ನೀರಿನೊಳಗೆ ಹೋದವು. ತಲೆ ಹಿಂದಕ್ಕೆ ವಾಲಿದಾಗ ಕೊರಳು ಮೇಲೆ ಬಂತು. ನನ್ನ ಅಂಗೈಯ ಸುತ್ತ ನೀರು ಬಂದು ನಿಂತಿತು. ಒಳಗೆ ಬರಲಿಲ್ಲ. ಅಂಗೈಯಡಿ ಅವಳ ಉಸಿರು ಬಿಸಿಯಾಗಿ ತಾಗುತ್ತಿತ್ತು.

ನಾಲ್ಕು ಬೆರಳಗಲ ಜಾಗ ನೆನೆಯಲಿಲ್ಲ.

ಮೇಲೆತ್ತಿದಾಗ ಅವ್ವ ಕೆಮ್ಮಲಿಲ್ಲ, ಏದುಸಿರು ಬಿಡಲಿಲ್ಲ. ಅಪ್ಪ ಮಂಜುಗಣ್ಣಿನಲ್ಲಿ ನನ್ನ ಕಡೆ ನೋಡಿ ಕೇಳಿದ, "ಪೂರ್ತಿ ಮುಳುಗುದ್ಲವ್ವ?"

"ಮುಳುಗುದ್ಲು ಕಣಪ್ಪ" ಎಂದೆ.

ಆ ವಾರದ ಭಾನುವಾರ ಅವ್ವನಿಗೆ ರೊಟ್ಟಿ ಸಿಕ್ಕಿತು. ನುಂಗಲಾಗದೆ ದ್ರಾಕ್ಷಿ ರಸದಲ್ಲಿ ನೆನೆಸಿ ನಾಲಿಗೆಯ ಮೇಲೆ ಇಟ್ಟುಕೊಂಡಳು. ಅವಳ ಮುಖ ನೋಡಿ ನನಗೆ ಅಳು ಬಂತು. ಖುಷಿಗೆ ಎಷ್ಟು, ಭಯಕ್ಕೆ ಎಷ್ಟು, ನನಗೇ ತಿಳಿಯಲಿಲ್ಲ.

ಆಮೇಲೆ ಮೂರು ತಿಂಗಳಿದ್ದಳು. ಟ್ಯೂಬು ಬದಲಿಸುವುದು, ಗಂಜಿ ಸೋಸುವುದು, ಕೊರಳಿಗೆ ನೊಣ ಕೂರದಂತೆ ತೆಳುಬಟ್ಟೆ ಕಟ್ಟುವುದು, ಇದೇ ನನ್ನ ದಿನ. ಗಂಡ ವಾರಕ್ಕೊಮ್ಮೆ ಬಂದು ಬೇಸರವಿಲ್ಲದೆ ಹೋಗುತ್ತಿದ್ದ, ಅದು ನನ್ನ ಪುಣ್ಯ. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತ ಕೇಳಿಯೇಬಿಟ್ಟೆ. ತಮ್ಮ ಮಣ್ಣಿನಲ್ಲೇ ಇದ್ದಾನೆ ಎಂದು ನಿಜವಾಗಲೂ ಈಗ ಅನಿಸುತ್ತದೆಯೇ ಎಂದು. ಅವ್ವ ಬಹಳ ಹೊತ್ತು ಹೆಂಚಿನ ಸೂರು ನೋಡಿದಳು. ಆಮೇಲೆ ಕೊರಳಿಗೆ ಬೆರಳು ಒತ್ತಿದಳು.

"ಅಪ್ಪಂಗೆ ತಿಳೀಬಾರ್ದು ಕಣವ್ವ."

ಅಂದಿನಿಂದ ಎರಡು ಗುಟ್ಟು ನನ್ನ ಪಾಲಿಗೆ ಬಂದವು. ಅವಳ ಉತ್ತರ ಸುಳ್ಳು, ನನ್ನ ಉತ್ತರವೂ ಸುಳ್ಳು. ಎರಡು ಸುಳ್ಳಿನ ಮೇಲೆ ಅವಳು ರೊಟ್ಟಿ ತಿಂದಿದ್ದಳು.

ಅವಳ ಉಸಿರು ನಿಂತದ್ದು ಮಧ್ಯಾಹ್ನದ ಹೊತ್ತು. ಒಳಗಿನ ಟ್ಯೂಬು ಒಲೆಯ ಮೇಲೆ ಕುದಿಯುತ್ತಿತ್ತು. ಪಾತ್ರೆಯ ಮುಚ್ಚಳದ ಸಂದಿನಿಂದ ಹಬೆ ಸುಯ್ ಎನ್ನುತ್ತಿತ್ತು, ಅದನ್ನು ಅವಳ ಉಸಿರೆಂದುಕೊಂಡು ನಾನು ಅಡುಗೆಮನೆಯಲ್ಲೇ ಇದ್ದೆ. ಎಷ್ಟು ಹೊತ್ತು ಇದ್ದೆನೋ. ಬಂದು ನೋಡುವಾಗ ಕೈ ತಣ್ಣಗಾಗಿತ್ತು.

ಹೊಂಗೆ ಮರದಡಿ ಮಗುವಿನ ಪಕ್ಕದಲ್ಲೇ ಮಣ್ಣು ಮಾಡಿದೆವು. ಆಮೇಲೆ ಅನ್ನ ಕುದಿಯಲಿ, ಮುದ್ದೆಗೆ ನೀರು ಕಾಯಲಿ, ಮುಚ್ಚಳದಡಿ ಆ ಸದ್ದು ಎದ್ದರೆ ಕೈಲಿದ್ದದ್ದನ್ನು ಬಿಟ್ಟು ನಡುಮನೆಗೆ ಓಡಿಬರುತ್ತಿದ್ದೆ. ಅಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ ಚಾಪೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಬಲ ಅಂಗೈ ಮಾತ್ರ ಬೆಚ್ಚಗಾದಂತೆ ಅನಿಸುತ್ತಿತ್ತು.

ಗಂಡನ ಮನೆಗೆ ಹೊರಡುವ ಹಿಂದಿನ ಭಾನುವಾರ ಅಪ್ಪ ಮತ್ತು ನಾನು ಇಬ್ಬರೇ. ತೋಮಾಸಣ್ಣನವರು ಇನ್ನೂ ಬಂದಿರಲಿಲ್ಲ. ಅಪ್ಪ ರೊಟ್ಟಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಲೆ ಎತ್ತದೆಯೇ ಹೇಳಿದ.

"ಆ ದಿಸ ನಿನ್ ಕೈ ಕೆಳೀಕೆ ನೀರು ಓಗ್ನಿಲ್ಲ. ನಂಗೊತ್ತು ಕಣವ್ವ."

ನಾನು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಕತ್ನ ಇಂದೆ ನನ್ ಕೈ ಇತ್ತಲ್ಲ. ಇನ್ನೊಂದೀಟು ಇಳಿಸ್ಬೋದಾಗಿತ್ತು. ಇಳಿಸ್ನಿಲ್ಲ. ಅವ್ಳ ಉಸ್ರು ನಿಂತೋದ್ರೆ ಅಂತ ಕೈ ಬರ್ನಿಲ್ಲ." ತಟ್ಟೆಯ ಅಂಚು ಹಿಡಿದು ಕೇಳಿದ, "ಮೂರು ತಿಂಗ್ಳು ಇಲ್ಲಿರ್ಲಿ ಅಂತ ಆಸೆಗ್ಬಿದ್ದು, ಅಲ್ಲಿ ಅವ್ಳು ಎದ್ದೇಳ್ದಂಗೆ ಮಾಡ್ಬುಟ್ನ ನಾನು?"

ಒಬ್ಬ ಮನುಷ್ಯನ ಮೊಣಕಾಲಿಗಾಗಿ ಎರಡನೇ ಸಲ ನೀರಿಗಿಳಿದ ಅಪ್ಪ. ಹದಿನಾಲ್ಕು ವರ್ಷ ಹೆಂಡತಿಯನ್ನು ಹೊಸ್ತಿಲ ಮೇಲೆ ಕೂರಿಸಿದ ಅಪ್ಪ. ಅವನ ಮೇಲಿದ್ದ ಕೋಪವೆಲ್ಲ ಅವತ್ತು ಕರಗಿ ಹೋಯಿತು. ಅವ್ವನ ಗುಟ್ಟು ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಅದು ಅವಳು ಬಿಟ್ಟುಹೋದದ್ದು, ನನ್ನಲ್ಲೇ ಇರಲಿ. ನನಗೆ ಆ ಕ್ಷಣ ತೋಚಿದ್ದನ್ನಷ್ಟೇ ಹೇಳಿದೆ.

"ಲೆಕ್ಕ ಕೇಳೋನು ದೇವ್ರೊಬ್ನೇ ಅಲ್ವಪ್ಪ. ಅವ್ನೂ ಒಬ್ಬ ಮಗನ್ನ ಮಣ್ಗಿಟ್ಟೋನೆ."

ಹೊರಗೆ ತೋಮಾಸಣ್ಣನ ಕೆಮ್ಮು ಕೇಳಿತು. ಅಪ್ಪ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, ತಡವರಿಸಿಕೊಂಡು ಎದ್ದ. ಯಾವಾಗಲೂ ಗೋಡೆಯ ಹತ್ತಿರ ಹಾಸುತ್ತಿದ್ದ ತನ್ನ ಚಾಪೆಯನ್ನು ತಂದು ಅಡುಗೆಮನೆ ಹೊಸ್ತಿಲ ಪಕ್ಕ ಹಾಸಿದ. ಅಲ್ಲೇ ಕೂತು ರೊಟ್ಟಿ ಮುರಿದ.

ಈಗ ನಾನು ಹಾಸನೂರಿನಲ್ಲಿದ್ದೇನೆ. ಪಾತ್ರೆ ಸುಯ್ ಎಂದರೆ ಈಗಲೂ ಬೆಚ್ಚುತ್ತೇನೆ, ಆದರೆ ಓಡುವುದಿಲ್ಲ. ಅವಳು ಏಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಎದ್ದರೆ ಮೊದಲು ಪಕ್ಕದ ಮಣ್ಣಿಗೆ ಕೈ ಹಾಕಿ ಮಗುವನ್ನು ಹುಡುಕುತ್ತಾಳೆ, ಅದು ಮಾತ್ರ ಗೊತ್ತು. ಅವಳ ಕೊನೆಯ ಮೂರು ತಿಂಗಳ ಉಸಿರು ನನ್ನ ಅಂಗೈಯಡಿ ಉಳಿಯಿತು. ಅದಕ್ಕೆ ದಿನವೂ ದೇವರಿಗೆ ಕೈ ಮುಗಿಯುತ್ತೇನೆ, ಮುಗಿಯುವಾಗ ಬಲ ಅಂಗೈ ಇನ್ನೂ ಬೆಚ್ಚಗೇ ಇರುತ್ತದೆ.