ರೈಟರು ಹೋದ ದಿನದ ತಾರೀಖು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಮುಲಾಜಿಲ್ಲದೆ ನಕ್ಕುಬಿಡುತ್ತಿದ್ದವನು ನಾನು. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಕೆಟ್ಟದ್ದಕ್ಕೆಲ್ಲ ಒಂದು ಕಾರಣ ಇರುತ್ತದೆ, ಹುಡುಕಲು ತಾಳ್ಮೆ ಬೇಕು ಅಷ್ಟೆ. ಈಗಲೂ ಹಾಗೆಯೇ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಹೆಗ್ಗದ್ದೆ ಕಡೆಯ ಎಸ್ಟೇಟೊಂದರಲ್ಲಿ ಕಳೆದ ಮಧ್ಯಾಹ್ನವನ್ನು ಆ ನಂಬಿಕೆಯೊಳಗೆ ಎಲ್ಲಿ ಇಡಬೇಕೋ ತಿಳಿದಿಲ್ಲ.

ಆಳುಗಳ ಹಾಜರಿ, ಲೆಕ್ಕ ಬರೆಯುತ್ತಿದ್ದ ಅಲ್ಲಿನ ಹಳೆಯ ರೈಟರು ಕೂತ ಕುರ್ಚಿಯಲ್ಲೇ ಎದೆನೋವು ಬಂದು ತೀರಿಕೊಂಡು ಐದು ತಿಂಗಳಾಗಿತ್ತು. ಆಳುಗಳ ವಿವರವೆಲ್ಲ ಅವರು ಮಾಡಿಟ್ಟ ಫೈಲಿನಲ್ಲಿತ್ತು. ಅದನ್ನು ತೆರೆಯುವ ಆಫೀಸ್ ಸಾಫ್ಟ್‌ವೇರ್ ಕೆಟ್ಟಿದ್ದರಿಂದ, ಹೊಸದಾಗಿ ಹಾಕಿಕೊಡಲು ಹೊಸ ರೈಟರು ಪುಟ್ಟಸ್ವಾಮಿ ನನ್ನನ್ನು ಕರೆಸಿದ್ದರು. ಬಾಗಿಲ ಬಳಿ ಲಕ್ಕಮ್ಮ ಎಂಬ ಹಿರಿಯ ಆಳು ಬೆಳಗಿನಿಂದ ಕೂತಿದ್ದರು. ಇಷ್ಟು ವರ್ಷದಿಂದ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದಾರೆ ಎಂಬ ಪತ್ರ ಸಿಕ್ಕರೆ ಆಕೆಗೆ ಸರ್ಕಾರದಿಂದ ಸ್ವಂತ ನಿವೇಶನ. ಅರ್ಜಿಗೆ ಮರುದಿನವೇ ಕೊನೆ. ಆಕೆ ಸೇರಿದ ವರ್ಷ ಇದ್ದದ್ದು ಆ ಫೈಲಿನಲ್ಲಿ ಮಾತ್ರ.

ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಹಳೆಯದನ್ನು ಪೂರ್ತಿ ಅಳಿಸಿದೆ, ಆಂಟಿವೈರಸ್ ನಿಲ್ಲಿಸಿದೆ, ಏನೂ ಆಗಲಿಲ್ಲ. ಆಗ ಪರದೆಯ ಮೂಲೆಯ ತಾರೀಖು ಕಣ್ಣಿಗೆ ಬಿತ್ತು. ಐದು ತಿಂಗಳ ಹಿಂದಿನದು. ತಾರೀಖು ತಪ್ಪಿದ್ದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಸಿಕ್ಕಿಬಿದ್ದೆಯಲ್ಲ ಎಂದುಕೊಂಡು, ಗಡಿಯಾರ ನಡೆಸುವ ಒಳಗಿನ ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿ ಮತ್ತೆ ಚಾಲು ಮಾಡಿದರೆ ಅದೇ ಹಳೆಯ ದಿನ. ಮೂರು ಸಲವೂ ಅದೇ. ಬ್ಯಾಟರಿ ಸತ್ತರೆ ಯಂತ್ರ ತಾನು ತಯಾರಾದ ಕಾಲಕ್ಕೆ ಹೋಗಬಹುದು, ನಡುವಿನ ಯಾವುದೋ ಒಂದು ದಿನಕ್ಕೆ ಹೋಗಿದ್ದನ್ನು ನಾನು ಕಂಡಿರಲಿಲ್ಲ.

ಪುಟ್ಟಸ್ವಾಮಿ ಬಗ್ಗಿ ತಾರೀಖಿನ ಮೇಲೆ ಬೆರಳಿಟ್ಟರು. “ಇದು ನಮ್ ರೈಟ್ರು ಹೋದ ದಿನ ಕಣ್ರೀ.”

“ಚಾರ್ಜ್ ಕೊಡ್ದೆ ಹೋಗ್ಬುಟ್ರಲ್ಲ” ಎಂದರು ಲಕ್ಕಮ್ಮ.

ರೈಟರು ಬದಲಾಗುವಾಗ ಹಳಬರು ಎಲ್ಲರ ಹೆಸರನ್ನೂ ಕೊನೆಯ ಸಲ ಕೂಗಿ, ಆಳುಗಳು ಓಗೊಟ್ಟ ಮೇಲೆ ಹಾಜರಿ ಪುಸ್ತಕವನ್ನು ಹೊಸಬರ ಕೈಗೆ ಕೊಡುವುದು ಆ ಎಸ್ಟೇಟಿನಲ್ಲಿ ಚಾರ್ಜ್ ಕೊಡುವ ಪದ್ಧತಿಯಂತೆ. ಸಾವಿನ ಗಡಿಬಿಡಿಯಲ್ಲಿ ಅದು ತಪ್ಪಿಹೋಗಿತ್ತು. ಆಕೆ ಎದ್ದು ಸೆರಗು ಸರಿಮಾಡಿಕೊಂಡು ನಾನು ಕೂತಿದ್ದ ಕುರ್ಚಿಯ ಕಡೆ ತಿರುಗಿದರು. ನಾನು ಗಾಬರಿಯಿಂದ ಎದ್ದು ಪಕ್ಕಕ್ಕೆ ಸರಿದೆ.

“ಲಕ್ಕಮ್ಮ ಬಂದಿವ್ನಿ, ರೈಟ್ರೇ. ಎಲ್ರೂ ಬಂದವ್ರೆ. ಇನ್ಮೇಲೆ ಪುಟ್ಟಸ್ವಾಮಪ್ಪೋರು ಬರ್ಕೊಳ್ತಾರೆ. ನೀವು ಹೋಗ್ಬನ್ನಿ.”

ನಾಲ್ಕನೆಯ ಸಲ ತಾರೀಖು ಸರಿಮಾಡಿ ಚಾಲು ಮಾಡಿದೆ. ಈ ಸಲ ತಾರೀಖು ಹಾಗೇ ಉಳಿಯಿತು. ಇನ್‌ಸ್ಟಾಲ್ ಮುಗಿಯಿತು, ಫೈಲು ತೆರೆಯಿತು, ಪತ್ರ ಅಚ್ಚಾಯಿತು. ಬ್ಯಾಟರಿ ಮೊದಲು ಸರಿಯಾಗಿ ಕೂತಿರಲಿಲ್ಲವೇನೋ. ಅಷ್ಟನ್ನು ಒಪ್ಪಬಲ್ಲೆ. ಆದರೆ ಅದೇ ದಿನ ಏಕೆ?

ಪತ್ರ ಕೈಗೆ ಬಂದರೂ ಲಕ್ಕಮ್ಮ ಅಲ್ಲಾಡಲಿಲ್ಲ. ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು.

“ಇಷ್ಟ್ ದಿನ ಇಲ್ಲೇ ಇದ್ರೇನೋ ಕಣಪ್ಪ” ಎಂದರು. “ಈ ಕಾಗ್ದಕ್ಕೋಸ್ಕರ ಕಳಿಸ್ಬುಟ್ನಲ್ಲ.”